ಭಾನುವಾರದ ರಾತ್ರಿ ಬಾರದ ನಿದ್ರೆ

ಶ್ರೀಮಠದ ಆವರಣದಲ್ಲಿ ಶ್ರಾವಣ ಮಾಸದ ಪ್ರವಚನ ನಡೆದಿತ್ತು. 2024ರ ಆಗಸ್ಟ್ ತಿಂಗಳ ನಡುಭಾಗ. ಧ್ವನಿವರ್ಧಕದ ಸದ್ದು ನಮ್ಮ ಧರ್ಮಾರ್ಥ ಚಿಕಿತ್ಸಾಲಯದ ಕಿಟಕಿಯಿಂದ ಒಳಗೆ ಬರುತ್ತಿತ್ತು. ಸರದಿಯ ಕೊನೆಯಲ್ಲಿದ್ದ ಇಪ್ಪತ್ತೊಂದು ವರ್ಷದ ತರುಣನೊಬ್ಬನು ಒಳಗೆ ಬಂದವನೇ, ಕುಳಿತುಕೊಳ್ಳುವ ಮುನ್ನವೇ, "ಸರ್, ಆ ಕಿಟಕಿಯನ್ನು ಸ್ವಲ್ಪ ಮುಚ್ಚಬಹುದೇ?" ಎಂದು ಕೇಳಿದನು. ಮೂವತ್ತೈದು ವರ್ಷಗಳ ವೈದ್ಯವೃತ್ತಿಯಲ್ಲಿ ರೋಗಿಗಳು ನಮ್ಮಿಂದ ಬೇಡಿದ್ದು ಬಹಳವಿದೆ. ಆದರೆ ಪ್ರವಚನದ ದನಿ ಕೇಳಿಸದಂತೆ ಮಾಡಿರೆಂದು ಬೇಡಿದವನು ಅವನೊಬ್ಬನೇ.

ಅವನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಈ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇವೆ. ಅವನು ನರ್ಸಿಂಗ್ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿ. ಮನೆತನ ಗದಗ-ಬೆಟಗೇರಿ ಕಡೆಯ ಹಳೆಯ ಕ್ರೈಸ್ತ ಮನೆತನ. ಮಠದ ದವಾಖಾನೆಗೆ ಹೋಗಬಹುದೋ ಇಲ್ಲವೋ ಎಂದು ತಾಯಿಗೆ ಸಂಶಯವಿತ್ತಂತೆ. ದಾಸೋಹದ ಪಂಕ್ತಿಯಲ್ಲಿ ಯಾರ ಕುಲವನ್ನೂ ಕೇಳದವರು ಔಷಧದ ಸರದಿಯಲ್ಲಿ ಕೇಳುವುದುಂಟೇ?

ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಊಟ ಸೇರದು, ಭಾನುವಾರ ರಾತ್ರಿ ಮಾತ್ರ ಕಣ್ಣು ಮುಚ್ಚಲಾಗದು ಎಂಬುದು ಅವನ ದೂರು. ಆರು ತಿಂಗಳಿಂದ ಹೀಗೆ. ನಾಡಿ ನಿಮಿಷಕ್ಕೆ 104 ಇತ್ತು. ರಕ್ತದೊತ್ತಡ, ಹೃದಯದ ವಿದ್ಯುತ್ ರೇಖೆ, ಹಿಮೋಗ್ಲೋಬಿನ್, ಥೈರಾಯ್ಡ್ ಎಲ್ಲವೂ ಸರಿಯಾಗಿದ್ದವು. ದಿನಕ್ಕೆ ಆರು ಲೋಟ ಚಹಾ ಕುಡಿಯುತ್ತಿದ್ದನೆಂಬುದನ್ನು ಬಿಟ್ಟರೆ ದೇಹದಲ್ಲಿ ಕಾರಣವೇನೂ ಕಾಣಲಿಲ್ಲ. ಭಾನುವಾರವೇ ಏಕೆ ಎಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ಅನಂತರ ಹೇಳಿದನು.

ಎರಡು ವರ್ಷಗಳಿಂದ ಅವನು ಊರಿನ ಹಳೆಯ ಸಭೆಯನ್ನು ಬಿಟ್ಟು, ಕಾಲೇಜಿನ ಗೆಳೆಯರೊಡನೆ ನಗರದ ಹೊಸ ಪ್ರಾರ್ಥನಾ ಮಂದಿರವೊಂದಕ್ಕೆ ಹೋಗುತ್ತಿದ್ದನು. ಅಲ್ಲಿ ಹಾಡುಗಳು ಚೆನ್ನಾಗಿದ್ದವು, ತನ್ನ ವಯಸ್ಸಿನವರಿದ್ದರು, ಹಸಿದವನಿಗೆ ಊಟ ಹಾಕುವ ಮನೆಗಳಿದ್ದವು. ಆದರೆ ಬೋಧನೆಯ ವೇಳೆ ಗೋಡೆಯ ಪರದೆಯ ಮೇಲೆ ಸುದ್ದಿಯ ತುಣುಕುಗಳು ಬರುತ್ತಿದ್ದವು. 2022ರ ಫೆಬ್ರವರಿಯಿಂದ ನಡೆದಿರುವ ಉಕ್ರೇನ್ ಯುದ್ಧ, 2023ರ ಫೆಬ್ರವರಿ 6ರಂದು ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು ನುಂಗಿದ ತುರ್ಕಿ-ಸಿರಿಯಾ ಭೂಕಂಪ, ಅದೇ ವರ್ಷದ ಅಕ್ಟೋಬರಿನಿಂದ ಗಾಜಾ. ಪ್ರತಿ ವಾರವೂ ಒಂದು ಹೊಸ ಚಿತ್ರ, ಚಿತ್ರಕ್ಕೊಂದು ವಾಕ್ಯ, ವಾಕ್ಯದ ಕೊನೆಗೆ "ನೀವು ಸಿದ್ಧರಿದ್ದೀರಾ?" ಎಂಬ ಪ್ರಶ್ನೆ. ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದಾಗ ಅದೂ ಮುಂದಿನ ಭಾನುವಾರದ ಪರದೆಗೆ ಬಂದಿತು. ತುರ್ಕಿ ದೂರದ ಮಾತು. ವಯನಾಡಿನಲ್ಲಿ ಅವನ ಸಹಪಾಠಿಯ ಮನೆಯಿತ್ತು.

"ಸಿದ್ಧನಿದ್ದೇನೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ ಸರ್" ಎಂದನು. ರಾತ್ರಿ ಪ್ರಾರ್ಥಿಸುತ್ತಿದ್ದನು, ಪ್ರಾರ್ಥನೆ ಮನಸ್ಸಿನಿಂದ ಬಂದಿತೋ ಬಾಯಿಂದ ಮಾತ್ರ ಬಂದಿತೋ ಎಂಬ ಸಂದೇಹವಾಗಿ ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದನು. ಮೂವತ್ತು ಬಾರಿ, ನಲವತ್ತು ಬಾರಿ. ನಡುನಡುವೆ ಮೊಬೈಲು ತೆರೆದು ಜಗತ್ತಿನಲ್ಲಿ ಏನಾದರೂ ಆಯಿತೇ ಎಂದು ನೋಡುತ್ತಿದ್ದನು. ಪರೀಕ್ಷೆಯ ಶುಲ್ಕ ಕಟ್ಟಲು ಆ ತಿಂಗಳೇ ಕೊನೆ, ಕಟ್ಟಿರಲಿಲ್ಲ. ಪರೀಕ್ಷೆಯವರೆಗೆ ಲೋಕ ಉಳಿಯುವುದೇ ಅನುಮಾನವೆಂದ ಮೇಲೆ ಶುಲ್ಕವೇಕೆ?

ಇಲ್ಲಿ ನಾವೊಂದು ತಪ್ಪು ಮಾಡಿದೆವು. ನಾಲ್ಕು ವಾರ ಅಲ್ಲಿಗೆ ಹೋಗಬೇಡ, ಮೊಬೈಲು ದೂರವಿಡು, ಎಲ್ಲವೂ ಸರಿಹೋಗುತ್ತದೆ ಎಂದು ಹೇಳಿ, ನಿದ್ರೆಗೆ ಒಂದು ಮಾತ್ರೆ ಬರೆದುಕೊಟ್ಟು ಕಳುಹಿಸಿದೆವು. ಹತ್ತು ನಿಮಿಷದ ಕೆಲಸ. ಅವನು ತಲೆಯಾಡಿಸಿ ಹೋದನು. ಏಳು ವಾರ ಬರಲಿಲ್ಲ. ಬಂದವಳು ಅವನ ತಾಯಿ. ಶುಲ್ಕ ಕಟ್ಟದೆ ಪರೀಕ್ಷೆ ತಪ್ಪಿತ್ತು. ಅರ್ಧ ವರ್ಷ ಹೋದಂತೆಯೇ. ಆ ವೇದಿಕೆಯಿಂದ ಹಿಂದೊಮ್ಮೆ, ನಿಮ್ಮನ್ನು ಸಭೆಯಿಂದ ಬಿಡಿಸಲು ಬರುವವರಿದ್ದಾರೆ, ಅವರು ಒಳ್ಳೆಯ ಮಾತನ್ನೇ ಆಡುವರು ಎಂದು ಹೇಳಲಾಗಿತ್ತಂತೆ. ನಮ್ಮ ಹತ್ತು ನಿಮಿಷದ ಉಪದೇಶ ಆ ಮಾತಿಗೆ ಸರಿಯಾಗಿ ಹೊಂದಿಕೊಂಡಿತು. ಅವನ ಕಣ್ಣಿಗೆ ನಾವೇ ಒಂದು ಅಪಶಕುನವಾದೆವು! ಭಯಗೊಂಡವನಿಗೆ ಅವನು ನಂಬಿದ ಮನೆಯೇ ರೋಗವೆಂದು ಹೇಳಿದರೆ ಅವನು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆಂಬುದು ನಮಗೆ ತಿಳಿದಿರಬೇಕಿತ್ತು.

ತಾಯಿಯ ಮೂಲಕ ಕ್ಷಮೆ ಕೇಳಿ ಕರೆಸಿದೆವು. ಎರಡನೆಯ ಭೇಟಿ ಒಂದು ಗಂಟೆ ನಡೆಯಿತು. ಅದಕ್ಕೆ ಮೊದಲು ನಾವು ಸ್ವಲ್ಪ ಓದಿಕೊಂಡೆವು.

ಭಯದ ಬೋಧನೆ ಇಂದಿನದಲ್ಲ

1755ರ ನವೆಂಬರ್ 1, ಕ್ರೈಸ್ತರ ಸಕಲ ಸಂತರ ಹಬ್ಬ. ಪೋರ್ಚುಗಲ್ಲಿನ ಲಿಸ್ಬನ್ ನಗರದ ಚರ್ಚುಗಳು ಬೆಳಿಗ್ಗೆ ಜನರಿಂದ ತುಂಬಿದ್ದಾಗ ಭೂಮಿ ನಡುಗಿತು. ಹಿಂದೆಯೇ ಸಮುದ್ರ ಉಕ್ಕಿತು. ಅನಂತರ ದಿನಗಟ್ಟಲೆ ಬೆಂಕಿ. ಸತ್ತವರು ಹತ್ತಾರು ಸಾವಿರ. ಮಲಗ್ರೀಡ ಎಂಬ ವೃದ್ಧ ಜೆಸ್ವಿಟ್ ಪಾದ್ರಿಯು ಇದು ನಗರದ ಪಾಪಕ್ಕೆ ದೈವವು ಕೊಟ್ಟ ಶಿಕ್ಷೆಯೆಂದೂ, ನೈಸರ್ಗಿಕ ಕಾರಣಗಳನ್ನು ಹೇಳುವುದು ಸಲ್ಲದೆಂದೂ ಬೋಧಿಸಿದನು; 1756ರಲ್ಲಿ ಅದನ್ನೇ ಪುಸ್ತಿಕೆಯಾಗಿ ಅಚ್ಚು ಹಾಕಿಸಿದನು. ಗುಡಿಸಲು ಕಟ್ಟುವುದಕ್ಕಿಂತ ಪಶ್ಚಾತ್ತಾಪ ಮುಖ್ಯವೆಂಬುದು ಅವನ ನಿಲುವು. ನಗರವನ್ನು ಮತ್ತೆ ಕಟ್ಟಲು ನಿಂತಿದ್ದ ಮಂತ್ರಿ, ಮುಂದೆ ಪೊಂಬಾಲ್ ಎಂದು ಹೆಸರಾದವನು, ಈ ಬೋಧನೆಯಿಂದ ಜನರು ಕೈಚೆಲ್ಲುವರೆಂದು ಪಾದ್ರಿಯನ್ನು ಊರಿನಿಂದ ಹೊರಗಟ್ಟಿದನು. (ಮುಂದೆ 1761ರಲ್ಲಿ ಆ ವೃದ್ಧನನ್ನು ಕೊಲ್ಲಿಸಿದ್ದು ಮಾತ್ರ ಯಾವ ನ್ಯಾಯಕ್ಕೂ ಒಪ್ಪುವುದಲ್ಲ.) ಅದೇ ಮಂತ್ರಿಯು ದೇಶದ ಎಲ್ಲ ಚರ್ಚು ವಠಾರಗಳಿಗೂ ಒಂದು ಪ್ರಶ್ನಾವಳಿ ಕಳುಹಿಸಿದನು. ಕಂಪನ ಎಷ್ಟು ಹೊತ್ತು ಇತ್ತು, ಬಾವಿಗಳ ನೀರು ಏನಾಯಿತು, ಸಮುದ್ರ ಮೊದಲು ಹಿಂದೆ ಸರಿಯಿತೇ, ಎಷ್ಟು ಜನ ಸತ್ತರು? ಉತ್ತರ ಬರೆದುಕೊಟ್ಟವರು ಹಳ್ಳಿಹಳ್ಳಿಯ ಪಾದ್ರಿಗಳೇ. ಭೂಕಂಪಶಾಸ್ತ್ರದ ಮೊದಲ ಹೆಜ್ಜೆಗಳಲ್ಲಿ ಒಂದೆಂದು ವಿದ್ವಾಂಸರು ಆ ಕಾಗದಗಳನ್ನು ಎಣಿಸುತ್ತಾರೆ.

ಅಮೇರಿಕದ ರೈತನಾಗಿದ್ದ ವಿಲಿಯಂ ಮಿಲ್ಲರನು ಧರ್ಮಗ್ರಂಥದ ಅಂಕಿಗಳನ್ನು ಕೂಡಿಸಿ, 1843ರ ಮಾರ್ಚಿನಿಂದ ಮುಂದಿನ ಮಾರ್ಚಿನೊಳಗೆ ಲೋಕಾಂತ್ಯವೆಂದು ಸಾರಿದನು. ಆಗಲಿಲ್ಲ. ಅವನ ಅನುಯಾಯಿಗಳು 1844ರ ಅಕ್ಟೋಬರ್ 22ನ್ನು ಗೊತ್ತುಮಾಡಿದರು. ಹೊಲದ ಬೆಳೆಯನ್ನು ಕೀಳದೆ ಬಿಟ್ಟು ಕಾದವರಿದ್ದರು. ಮರುದಿನ ಸೂರ್ಯನು ಎಂದಿನಂತೆ ಹುಟ್ಟಿದನು. ಅವರ ಇತಿಹಾಸದಲ್ಲಿ ಅದಕ್ಕೆ ಮಹಾ ನಿರಾಶೆ ಎಂಬ ಹೆಸರೇ ನಿಂತಿದೆ. ಆ ಜನರು ಅಂತ್ಯಕ್ಕಾಗಿ ಕಾಯುತ್ತಿದ್ದ 1843ರ ಜುಲೈ 1ರಂದೇ, ಇತ್ತ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ಮಂಗಳೂರ ಸಮಾಚಾರವೆಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದರು. ಸುದ್ದಿಯನ್ನು ಕಂಡು ಬೆದರುವವರೂ, ಸುದ್ದಿಯನ್ನು ಜನರಿಗೆ ಮುಟ್ಟಿಸಿದವರೂ ಒಂದೇ ಧರ್ಮದವರು ಎಂಬುದನ್ನು ಆ ತರುಣನಿಗೆ ಹೇಳಿದಾಗ ಅವನು ಮೊದಲ ಬಾರಿಗೆ ನಕ್ಕನು. ಅವನ ಪೂರ್ವಜರು ಸೇರಿದ್ದು ಆ ಮೋಗ್ಲಿಂಗರ ಸಭೆಯನ್ನೇ.

ಅಲ್ಲಿಂದ ಮುಂದಿನ ಕಥೆ ದೀರ್ಘವಾದುದಾದರೂ ಒಂದೇ ಬಗೆಯದು. 1970ರಲ್ಲಿ ಹಾಲ್ ಲಿಂಡ್ಸೆಯ ಪುಸ್ತಕವೊಂದು ದಿನಪತ್ರಿಕೆಯ ಸುದ್ದಿಗೂ ಭವಿಷ್ಯವಾಣಿಗೂ ಗಂಟು ಹಾಕಿ ಕೋಟಿಗಟ್ಟಲೆ ಮಾರಾಟವಾಯಿತು. 1972ರ ಒಂದು ಚಲನಚಿತ್ರವನ್ನು ಅಮೇರಿಕದ ಚರ್ಚುಗಳು ಯುವಕ ಯುವತಿಯರಿಗೆಂದೇ ತೋರಿಸುತ್ತ ಬಂದವು. ಮನೆಗೆ ಬಂದಾಗ ತಾಯಿ ಕಾಣದಿದ್ದರೆ ಲೋಕಾಂತ್ಯವಾಗಿ ತಾನೊಬ್ಬನೇ ಉಳಿದೆನೆಂದು ಅತ್ತ ಮಕ್ಕಳು ದೊಡ್ಡವರಾಗಿ ಇಂದು ಅದನ್ನು ಹೇಳಿಕೊಳ್ಳುತ್ತಿದ್ದಾರೆ. ಹೆರಾಲ್ಡ್ ಕ್ಯಾಂಪಿಂಗ್ ಎಂಬ ಬಾನುಲಿ ಬೋಧಕರು 2011ರ ಮೇ 21 ಎಂದು ಸಾರಿ, ಆ ದಿನ ಕಳೆದ ಮರುವರ್ಷ ತಮ್ಮ ತಪ್ಪನ್ನು ಒಪ್ಪಿಕೊಂಡರು. ತಪ್ಪೊಪ್ಪಿಕೊಂಡವರು ಅಪರೂಪವಾದುದರಿಂದ ಅವರನ್ನು ಇಲ್ಲಿ ನೆನೆದೆವು.

ಇದನ್ನೆಲ್ಲ ಓದುತ್ತ ನಮ್ಮ ಓದುಗರು ಪರಮತದ ಮಾತೆಂದು ನಿಶ್ಚಿಂತರಾಗಬಾರದು. 1962ರ ಫೆಬ್ರವರಿಯ ಅಷ್ಟಗ್ರಹ ಕೂಟ ಹಿರಿಯರಿಗೆ ನೆನಪಿರಬಹುದು. ನಮಗಾಗ ಎಂಟು ವರ್ಷ. ಗ್ರಹಗಳೆಲ್ಲ ಮಕರದಲ್ಲಿ ಕೂಡಿ ಪ್ರಳಯವಾಗುವುದೆಂದು ದೇಶದ ತುಂಬ ಹೋಮಗಳಾದವು. ನಮ್ಮ ಓಣಿಯ ಗೌಡರೊಬ್ಬರು ಅರ್ಧ ತೋಡಿದ ಬಾವಿಯ ಕೆಲಸವನ್ನು ನಿಲ್ಲಿಸಿ ಕೂಲಿಯವರನ್ನು ಕಳುಹಿಸಿಬಿಟ್ಟರು. ಗಡಿಗೆಯಲ್ಲಿದ್ದ ತುಪ್ಪವನ್ನು ಉಳಿಸಿ ಫಲವಿಲ್ಲವೆಂದು ನಮ್ಮಜ್ಜಿ ಮೂರು ದಿನ ಹೋಳಿಗೆ ಮಾಡಿದಳು; ಆ ಹೋಳಿಗೆಯ ರುಚಿಯೂ, ಬೆಳಗಾಗುವುದೋ ಇಲ್ಲವೋ ಎಂದು ಕಂಬಳಿಯೊಳಗೆ ಕಣ್ಣು ಬಿಟ್ಟುಕೊಂಡು ಮಲಗಿದ್ದ ರಾತ್ರಿಯೂ ನಮಗೆ ಒಟ್ಟಿಗೇ ನೆನಪಾಗುತ್ತವೆ. 1979ರ ಜುಲೈನಲ್ಲಿ ಸ್ಕೈಲ್ಯಾಬ್ ನಮ್ಮ ತಲೆಯ ಮೇಲೆಯೇ ಬೀಳುವುದೆಂದು ಹೆದರಿದೆವು. ಅದು ಹಿಂದೂ ಮಹಾಸಾಗರದಲ್ಲಿಯೂ ಆಸ್ಟ್ರೇಲಿಯದ ಪಶ್ಚಿಮದಲ್ಲಿಯೂ ಬಿದ್ದಿತು. ಕಾಲಜ್ಞಾನವೆಂಬ ಸಾಹಿತ್ಯಪ್ರಕಾರವೇ ನಮ್ಮಲ್ಲಿದೆ. ಅದರ ಸಾಲುಗಳನ್ನು ಹರಿದುಕೊಂಡು, ಢಣಢಣ ಸಂಗೀತ ಸೇರಿಸಿ ರಾತ್ರಿಯ ಹೊತ್ತು ಮನೆಮನೆಗೆ ಬಡಿಸುವ ಟಿವಿ ವಾಹಿನಿಗಳೂ ಇವೆ. ಆ ಪ್ರಾರ್ಥನಾ ಮಂದಿರದ ಪರದೆಗೂ ನಮ್ಮ ಪಡಸಾಲೆಯ ಪರದೆಗೂ ಗಾತ್ರವೊಂದೇ ಭೇದ.

ದೇಹವು ದೂರ ಹತ್ತಿರಗಳನ್ನು ಅರಿಯದು

ಮೆದುಳಿನ ಆಳದಲ್ಲಿ ಬಾದಾಮಿಯಾಕಾರದ ಒಂದು ಭಾಗವಿದೆ. ಅಮಿಗ್ಡಲ ಎಂದು ಅದರ ಹೆಸರು. ಅಪಾಯದ ಗಂಟೆ ಬಾರಿಸುವುದು ಅದರ ಕೆಲಸ. ಗಂಟೆ ಬಾರಿಸಿದೊಡನೆ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್, ಸ್ವಲ್ಪ ತಡವಾಗಿ ಕಾರ್ಟಿಸಾಲ್ ರಕ್ತಕ್ಕೆ ಇಳಿಯುತ್ತವೆ. ಹೃದಯ ಓಡುತ್ತದೆ, ಉಸಿರು ಮೇಲಾಗುತ್ತದೆ, ಜೀರ್ಣಕ್ರಿಯೆ ನಿಲ್ಲುತ್ತದೆ. ಹಾವು ಎದುರಾದಾಗ ಇದು ಜೀವ ಉಳಿಸುವ ಏರ್ಪಾಡು. ಓಡಿದರೆ ಅಥವಾ ಕೋಲೆತ್ತಿದರೆ ಮುಗಿಯಿತು, ದೇಹ ತಣ್ಣಗಾಗುತ್ತದೆ. ಪರದೆಯ ಮೇಲೆ ಕುಸಿದ ಕಟ್ಟಡವನ್ನು ಕಂಡಾಗಲೂ ಗಂಟೆ ಬಾರಿಸುತ್ತದೆ. ಆದರೆ ಓಡಲು ದಾರಿಯಿಲ್ಲ, ಎತ್ತಲು ಕೋಲಿಲ್ಲ. ಕುರ್ಚಿಯಲ್ಲಿ ಕುಳಿತವನ ದೇಹ ಒಂದೂವರೆ ಗಂಟೆ ಓಟಕ್ಕೆ ಸಿದ್ಧವಾಗಿ ಕುಳಿತಿರುತ್ತದೆ. ಕತ್ತಲಾದ ಮೇಲೆ, ಸದ್ದಡಗಿದ ಮೇಲೆ, ಆ ಸಿದ್ಧತೆಯೇ ನಿದ್ರೆಗೆ ಅಡ್ಡ ಬರುತ್ತದೆ.

ಅಮೇರಿಕದ ಬಾಸ್ಟನ್ ನಗರದ ಓಟದ ಸ್ಪರ್ಧೆಯಲ್ಲಿ 2013ರ ಏಪ್ರಿಲ್ 15ರಂದು ಬಾಂಬು ಸಿಡಿಯಿತು. ಬಳಿಕ ನಾಲ್ಕೂವರೆ ಸಾವಿರಕ್ಕೂ ಮಿಕ್ಕ ಜನರನ್ನು ವಿಚಾರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮನ್ನು ಬೆರಗುಗೊಳಿಸಿತು. ಸ್ಫೋಟದ ಸ್ಥಳದಲ್ಲಿದ್ದವರಿಗಿಂತಲೂ, ಮುಂದಿನ ವಾರವಿಡೀ ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಹೊತ್ತು ಅದರ ಸುದ್ದಿಯನ್ನೇ ನೋಡುತ್ತಿದ್ದವರಲ್ಲಿ ತೀವ್ರ ಒತ್ತಡದ ಲಕ್ಷಣಗಳು ಹೆಚ್ಚಾಗಿದ್ದವು. ಸ್ಥಳದಲ್ಲಿದ್ದವರಿಗೆ ಘಟನೆ ಒಮ್ಮೆ ನಡೆಯಿತು. ನೋಡಿದವರಿಗೆ ಅದು ನೂರು ಬಾರಿ ನಡೆಯಿತು.

ಇನ್ನು, ಹೆದರಿಸಿದರೆ ಮನುಷ್ಯನು ತಿದ್ದಿಕೊಳ್ಳುತ್ತಾನೆಂಬ ನಂಬಿಕೆ. ಬೋಧಕರಿಗೆ ಮಾತ್ರವಲ್ಲ, ವೈದ್ಯರಾದ ನಮಗೂ ಇದು ಇದೆ. ಕೊಳೆತ ಪುಪ್ಪುಸದ ಚಿತ್ರವನ್ನು ಗೋಡೆಗೆ ತೂಗಿದವರು ನಾವೇ ಅಲ್ಲವೇ? 1953ರಲ್ಲಿ ಜಾನಿಸ್ ಮತ್ತು ಫೆಶ್‌ಬಾಕ್ ಎಂಬ ಮನಶ್ಶಾಸ್ತ್ರಜ್ಞರು ಪ್ರೌಢಶಾಲೆಯ ಮಕ್ಕಳಿಗೆ ಹಲ್ಲುಗಳ ರಕ್ಷಣೆಯ ಬಗ್ಗೆ ಮೂರು ಬಗೆಯಲ್ಲಿ ಉಪನ್ಯಾಸ ಕೊಡಿಸಿದರು. ಅತಿ ಭಯಂಕರ ಚಿತ್ರಗಳನ್ನು ತೋರಿಸಿದ ಉಪನ್ಯಾಸವನ್ನು ಕೇಳಿದವರು ಹೆಚ್ಚು ಕಳವಳಗೊಂಡರು. ಆದರೆ ಹೇಳಿದಂತೆ ನಡೆದುಕೊಂಡವರು ಅವರಲ್ಲಿಯೇ ಕಡಿಮೆ. ಮೆತ್ತಗೆ ಹೇಳಿಸಿಕೊಂಡವರೇ ಹಲ್ಲುಜ್ಜುವ ಕ್ರಮವನ್ನು ಹೆಚ್ಚು ತಿದ್ದಿಕೊಂಡರು. 1965ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಲಸಿಕೆಯ ಕುರಿತು ಲೆವೆಂಥಾಲ್ ಮತ್ತು ಸಂಗಡಿಗರು ಪುಸ್ತಿಕೆ ಕೊಟ್ಟರು. ಓದಿದವರಿಗೆಲ್ಲ ರೋಗದ ಭಯವಾಯಿತು. ಅಷ್ಟರಿಂದಲೇ ಹೋಗಿ ಲಸಿಕೆ ಹಾಕಿಸಿಕೊಂಡವರು ಶೇಕಡಾ 3 ಜನ. ಪುಸ್ತಿಕೆಯ ಜೊತೆಗೆ ಆರೋಗ್ಯ ಕೇಂದ್ರದ ನಕಾಶೆಯನ್ನೂ ಸಮಯವನ್ನೂ ಕೊಟ್ಟು, ಯಾವಾಗ ಹೋಗುವೆಯೆಂದು ಯೋಚಿಸಲು ಹೇಳಿದಾಗ ಅದು ಶೇಕಡಾ 28ಕ್ಕೆ ಏರಿತು. ಭಯ ಎರಡೂ ಕಡೆ ಇತ್ತು. ವ್ಯತ್ಯಾಸ ಮಾಡಿದ್ದು ನಕಾಶೆ.

ಒಡಿಶಾದ ಕರಾವಳಿಯವರಿಗೆ ಇದು ಅನುಭವದಿಂದಲೇ ಗೊತ್ತು. 1999ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರ ಅಕ್ಟೋಬರಿನಲ್ಲಿ ಫೈಲಿನ್ ಎಂಬ ಪ್ರಬಲ ಚಂಡಮಾರುತ ಬಂದಾಗ ಸತ್ತವರು ಐವತ್ತಕ್ಕಿಂತ ಕಡಿಮೆ. ಮುನ್ಸೂಚನೆಯೂ ಭಯದ ಸುದ್ದಿಯೇ; ಆದರೆ ಅದರೊಡನೆ ಯಾವ ಆಶ್ರಯ ತಾಣಕ್ಕೆ, ಯಾವ ಹೊತ್ತಿಗೆ, ಯಾವ ಬಸ್ಸಿನಲ್ಲಿ ಹೋಗಬೇಕೆಂಬುದೂ ಇತ್ತು. ಆ ತರುಣನಿಗೆ ಪ್ರತಿ ಭಾನುವಾರ ದೊರೆಯುತ್ತಿದ್ದುದು ನಕಾಶೆಯಿಲ್ಲದ ಮುನ್ಸೂಚನೆ. "ಸಿದ್ಧನಾಗು" ಎಂಬುದಕ್ಕೆ ಏನು ಮಾಡಿದರೆ ಸಿದ್ಧತೆ ಮುಗಿಯುವುದೆಂದು ಯಾರೂ ಹೇಳುತ್ತಿರಲಿಲ್ಲ. ಆದ್ದರಿಂದ ಅವನ ಪ್ರಾರ್ಥನೆಯೂ ಮುಗಿಯುತ್ತಿರಲಿಲ್ಲ.

ಅಂಕಿಸಂಖ್ಯೆಯ ಔಷಧ ಎಷ್ಟು ಹೊತ್ತು?

ಭೂಕಂಪಗಳು ಈಗ ಹೆಚ್ಚಾಗುತ್ತಿವೆಯೇ ಎಂದು ಅವನು ಕೇಳಿದನು. ಇದಕ್ಕೆ ಸ್ಪಷ್ಟ ಉತ್ತರವಿದೆ. 1900ರಿಂದ ಈಚೆಗಿನ ದಾಖಲೆಯನ್ನು ಇಟ್ಟಿರುವ ಅಮೇರಿಕದ ಭೂವಿಜ್ಞಾನ ಸಂಸ್ಥೆಯ ಪ್ರಕಾರ, 7ಕ್ಕೂ ಮೇಲಿನ ತೀವ್ರತೆಯ ಭೂಕಂಪಗಳು ವರ್ಷಕ್ಕೆ ಸರಾಸರಿ 16 ಆಗುತ್ತವೆ. ಕೆಲವು ವರ್ಷ ಹೆಚ್ಚು, ಕೆಲವು ವರ್ಷ ಕಡಿಮೆ. ಹೆಚ್ಚಿರುವುದು ಕಂಪನಮಾಪಕಗಳ ಸಂಖ್ಯೆ ಮತ್ತು ಸುದ್ದಿಯ ವೇಗ. ಐದು ವರ್ಷದೊಳಗಿನ ಮಕ್ಕಳ ಸಾವು ಜಗತ್ತಿನಲ್ಲಿ 1990ರಲ್ಲಿ ವರ್ಷಕ್ಕೆ ಒಂದು ಕೋಟಿ ಇಪ್ಪತ್ತು ಲಕ್ಷವನ್ನು ಮೀರಿತ್ತು. 2022ರಲ್ಲಿ ಐವತ್ತು ಲಕ್ಷಕ್ಕಿಂತ ಕೆಳಗೆ ಇಳಿಯಿತು. ಸಿಡುಬು ಹೋಯಿತು. 2014ರಲ್ಲಿ ನಮ್ಮ ದೇಶ ಪೋಲಿಯೋ ಮುಕ್ತವೆಂದು ಘೋಷಿತವಾಯಿತು. ಒಂದು ಮಗು ಸಾಯದೆ ಉಳಿದರೆ ಅದನ್ನು ಯಾವ ಪರದೆಯ ಮೇಲೆ ತೋರಿಸಲಾದೀತು?

ಹೀಗೆಲ್ಲ ಹೇಳಿ ನಾವು ಗೆದ್ದೆವೆಂದುಕೊಂಡೆವು. ಅವನಿಗೆ ಆ ರಾತ್ರಿ ನಿದ್ರೆ ಬಂದಿತು. ಮೂರನೆಯ ದಿನ ಫೋನು ಮಾಡಿ, ಯುದ್ಧಗಳ ಅಂಕಿಯನ್ನು ಕೇಳಿದನು. ಅದನ್ನು ಹೇಳಿದೆವು, ನಾಲ್ಕು ದಿನಕ್ಕೆ ಮತ್ತೊಂದು ಪ್ರಶ್ನೆ. ಆಗ ನಮಗೆ ಹೊಳೆಯಿತು, ಪ್ರಾರ್ಥನೆಯನ್ನು ನಲವತ್ತು ಬಾರಿ ಹೇಳುವುದಕ್ಕೂ ನಮಗೆ ನಾಲ್ಕು ಬಾರಿ ಫೋನು ಮಾಡುವುದಕ್ಕೂ ಭೇದವಿಲ್ಲವೆಂದು. ಸಂದೇಹ, ಅದರ ಪರಿಹಾರಕ್ಕೊಂದು ಕ್ರಿಯೆ, ಕ್ಷಣಕಾಲದ ನೆಮ್ಮದಿ, ಮತ್ತೆ ಸಂದೇಹ. ಇದು ಗೀಳು ಕಾಯಿಲೆಯ ಚಕ್ರ. ಕೈ ತೊಳೆಯುವ ಗೀಳನ್ನು ಮನೆಯವರು ಬೇಗ ಗುರುತಿಸುತ್ತಾರೆ. ಪೂಜೆ ಪ್ರಾರ್ಥನೆಗಳ ರೂಪದಲ್ಲಿ ಬಂದಾಗ ಭಕ್ತಿಯೆಂದು ಸಂತೋಷಪಡುತ್ತಾರೆ. ಇಷ್ಟಲಿಂಗಕ್ಕೆ ಸ್ವಲ್ಪ ಮೈಲಿಗೆ ತಾಕಿತೇನೋ ಎಂದು ದಿನಕ್ಕೆ ಹತ್ತು ಬಾರಿ ಮೀಯುತ್ತಿದ್ದ ಗೃಹಿಣಿಯೊಬ್ಬರು ನಮ್ಮಲ್ಲಿಗೆ ಬಂದದ್ದು ಕೈಕಾಲಿನ ಚರ್ಮ ಬಿರಿದ ಮೇಲೆ, ಹನ್ನೊಂದು ವರ್ಷ ತಡವಾಗಿ.

ಇದು ನಮ್ಮ ಚಿಕ್ಕ ದವಾಖಾನೆಯ ಕೆಲಸವಲ್ಲವೆಂದು ಅರಿತು ಅವನನ್ನು ಮನೋವೈದ್ಯರ ಬಳಿಗೆ ಕಳುಹಿಸಿದೆವು. ಅವರು ಸರ್ಟ್ರಾಲಿನ್ ಎಂಬ ಔಷಧವನ್ನು ಕಡಿಮೆ ಪ್ರಮಾಣದಲ್ಲಿ ಆರಂಭಿಸಿದರು. ಇಂಥ ಔಷಧಗಳು ಗುಣ ತೋರಲು ಹಲವು ವಾರಗಳೇ ಬೇಕು. ಎಂಟು ದಿನಕ್ಕೆ ಏನೂ ಆಗಲಿಲ್ಲವೆಂದು ಬಿಡಬಾರದು. ನಾವು ಮೊದಲು ಕೊಟ್ಟಿದ್ದ ನಿದ್ರೆಯ ಮಾತ್ರೆಯನ್ನು ಅವರು ನಿಲ್ಲಿಸಿದ್ದೂ ಸರಿಯೇ. ಅಭ್ಯಾಸ ಹಿಡಿಸುವ ಗುಣ ಅದಕ್ಕಿದೆ. ಮನಶ್ಶಾಸ್ತ್ರಜ್ಞೆಯೊಬ್ಬರು ವಾರಕ್ಕೊಮ್ಮೆ ಹತ್ತು ಬಾರಿ ಕೂರಿಸಿಕೊಂಡು ಮಾತನಾಡಿದರು. ಪ್ರಾರ್ಥನೆ ರಾತ್ರಿ ಒಂದೇ ಬಾರಿ. ಮನಸ್ಸಿನಿಂದ ಬಂದಿಲ್ಲವೆನಿಸಿದರೂ ಎದ್ದುಬಿಡಬೇಕು, ಆಗ ಏಳುವ ತಳಮಳವನ್ನು ಓಡಿಸದೆ ಕುಳಿತು ನೋಡಬೇಕು. ಮೊದಲ ವಾರ ಅದು ನರಕವಾಗಿತ್ತೆಂದು ಅವನು ಹೇಳಿದನು. ಲೋಕದ ಚಿಂತೆಗೆ ಸಂಜೆ ಆರರಿಂದ ಆರೂವರೆಯವರೆಗೆ ಸಮಯ. ಬೇರೆ ಹೊತ್ತಿನಲ್ಲಿ ಬಂದ ಚಿಂತೆಯನ್ನು ಚೀಟಿಯಲ್ಲಿ ಬರೆದು ಆರು ಗಂಟೆಗೆಂದು ಎತ್ತಿಡಬೇಕು. ಆರು ಗಂಟೆಗೆ ಚೀಟಿ ತೆರೆದಾಗ ಬಹುಪಾಲು ಚಿಂತೆಗಳು ಹಳಸಿರುತ್ತಿದ್ದವಂತೆ. ಸುದ್ದಿಯನ್ನು ಓದಬಹುದು, ಬೆಳಗಿನ ಪತ್ರಿಕೆಯಲ್ಲಿ, ಒಂದು ಬಾರಿ. ಚಲಿಸುವ ಚಿತ್ರ ಬೇಡ. ಚಹಾ ಎರಡು ಲೋಟ, ಮಧ್ಯಾಹ್ನದ ಬಳಿಕ ಇಲ್ಲ. ಮಲಗುವ ಮುನ್ನ ಹತ್ತು ನಿಮಿಷ ನಿಮಿಷಕ್ಕೆ ಆರರಂತೆ ನಿಧಾನ ಉಸಿರಾಟ. ಬಿಡುವ ಉಸಿರು ತೆಗೆದುಕೊಳ್ಳುವುದಕ್ಕಿಂತ ದೀರ್ಘ. ಲಿಂಗಪೂಜೆಗೆ ಕುಳಿತವರಿಗೆ ಈ ಉಸಿರಿನ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ.

ಅಜ್ಜಿಯ ಸಭೆಯ ಪಾದ್ರಿ

ಆದರೂ ವೈದ್ಯರಿಂದ ಆಗದ ಕೆಲಸವೊಂದಿತ್ತು. ಅವನ ಭಯ ಅವನ ನಂಬಿಕೆಯ ಭಾಷೆಯಲ್ಲಿ ಮಾತನಾಡುತ್ತಿತ್ತು. ಉತ್ತರವೂ ಆ ಭಾಷೆಯಲ್ಲಿಯೇ ಬರಬೇಕಿತ್ತು. ಲಿಂಗವಂತರಾದ ನಾವು ಬೈಬಲಿನ ಅರ್ಥ ಹೇಳಹೊರಟರೆ ನಮ್ಮ ಮೊದಲ ತಪ್ಪಿಗೆ ಎರಡನೆಯದು ಸೇರುತ್ತಿತ್ತು. ಬೆಟಗೇರಿಯಲ್ಲಿ ಅವನ ಅಜ್ಜಿ ಹೋಗುತ್ತಿದ್ದ ಹಳೆಯ ಸಭೆಯಲ್ಲಿ ನಿವೃತ್ತ ಪಾದ್ರಿಯೊಬ್ಬರಿದ್ದರು. ತಾಯಿ ಅಲ್ಲಿಗೆ ಕರೆದುಕೊಂಡು ಹೋದಳು.

ಅವರು ಪುಸ್ತಕವನ್ನು ತೆರೆದು, ಯುದ್ಧಗಳನ್ನೂ ಭೂಕಂಪಗಳನ್ನೂ ಹೇಳುವ ಅದೇ ಅಧ್ಯಾಯವನ್ನು ಅವನಿಂದಲೇ ಓದಿಸಿದರಂತೆ. ಕಳವಳಪಡಬೇಡಿರೆಂಬ ಮಾತೂ, ಆ ದಿನವೂ ಗಳಿಗೆಯೂ ಯಾರಿಗೂ ತಿಳಿಯದೆಂಬ ಮಾತೂ ಅಲ್ಲಿಯೇ ಇವೆ; ಎರಡು ವರ್ಷ ಆ ಅಧ್ಯಾಯವನ್ನು ಕೇಳಿದವನಿಗೆ ಆ ಎರಡು ಮಾತು ಕಿವಿಗೆ ಬಿದ್ದಿರಲಿಲ್ಲ. ಅನಂತರ ಪಾದ್ರಿಗಳು ಧಾತು-ಈಶ್ವರ ಸಂವತ್ಸರಗಳ ಬರಗಾಲದ, ಅಂದರೆ 1876ರಿಂದ 78ರ ಕಥೆ ಹೇಳಿದರು. ಅವನ ಮುತ್ತಜ್ಜನ ತಂದೆ ಸಭೆಯ ಬಾಗಿಲಿಗೆ ಬಂದದ್ದು ಆ ಬರದಲ್ಲಿ, ಗಂಜಿಗಾಗಿ. "ಅಂದು ನಮ್ಮವರು ಆಕಾಶ ನೋಡುತ್ತ ನಿಂತಿದ್ದರೆ ನೀನು ಹುಟ್ಟುತ್ತಿದ್ದೆಯೇನಪ್ಪಾ? ಒಲೆಗೆ ಸೌದೆ ಹಾಕುತ್ತಿದ್ದರು" ಎಂದರಂತೆ. ಈ ಮಾತನ್ನು ಕೇಳಿದಾಗ ನಮಗೆ ನಮ್ಮ ಮಠದ ದಾಸೋಹದ ಒಲೆ ಕಣ್ಣಮುಂದೆ ಬಂದಿತು.

ಅದಾದ ಮೇಲೆ ಅವನು ಎರಡು ಕೆಲಸ ಮಾಡಿದನು. ಮೊದಲನೆಯದಾಗಿ, ಕಾಲೇಜಿನ ಗೆಳೆಯರೊಡನೆ ಸೇರಿ ವಯನಾಡಿಗೆ ಕಂಬಳಿ ಔಷಧಗಳ ಪೊಟ್ಟಣ ಕಟ್ಟಿದನು. ಸಹಪಾಠಿಯ ಊರಿಗೆ ಒಮ್ಮೆ ಹೋಗಿ ಬಂದನು. ಪರದೆಯ ಮೇಲೆ ಸಾವಿರ ಬಾರಿ ಕುಸಿದಿದ್ದ ಗುಡ್ಡ ಅಲ್ಲಿ ಸುಮ್ಮನೆ ಬಿದ್ದಿತ್ತು. ಜನರು ತಗಡಿನ ಸೂರು ಹಾಕುತ್ತಿದ್ದರು. ಎರಡನೆಯದು, ಹೊಸ ಮಂದಿರದ ಬೋಧಕರನ್ನು ಕಂಡು ತನಗೆ ಆದುದನ್ನು ಹೇಳಿದನು. ನಾವು ಜಗಳವಾಗಬಹುದೆಂದು ಹೆದರಿದ್ದೆವು. ಆ ಬೋಧಕರಿಗೆ ಮೂವತ್ತೈದರ ಆಸುಪಾಸು. ಬಹಳ ಹೊತ್ತು ಮಾತಿಲ್ಲದೆ ಕುಳಿತು, 2021ರ ಕೊರೋನಾದ ಎರಡನೆಯ ಅಲೆಯಲ್ಲಿ ತಮ್ಮ ತಂದೆಗೆ ಹಾಸಿಗೆ ಸಿಗದೆ ಹೋದದ್ದನ್ನು ಹೇಳಿದರಂತೆ. ಆಗಿನಿಂದ ರಾತ್ರಿ ಸುದ್ದಿ ನೋಡದೆ ಅವರಿಗೂ ನಿದ್ರೆ ಬರುವುದಿಲ್ಲ. ವೇದಿಕೆಯ ಮೇಲೆ ನಿಂತು ಹೆದರಿಸುವವನು ಹೆದರಿದವನೇ ಆಗಿರಬಹುದೆಂಬುದು ನಮ್ಮ ತಲೆಗೆ ಹೊಳೆದಿರಲಿಲ್ಲ. ಕೆಲವು ವಾರ ಪರದೆ ಮಡಿಸಿಟ್ಟಿತ್ತು. ಆಮೇಲೆ ಮತ್ತೆ ಬಂದಿತು, ಆದರೆ ಮೊದಲಿನಷ್ಟು ಇಲ್ಲವೆನ್ನುತ್ತಾನೆ.

ತಂದೆತಾಯಿಗಳಿಗೆ ಎರಡು ಮಾತು. ಎರಡು ವಾರ ಮೀರಿ ನಿದ್ರೆ ಕೆಟ್ಟರೆ, ಓದು ಕೆಲಸ ನಿಂತರೆ, ಮುಂದಿನ ವರ್ಷದ ಮಾತೆತ್ತಿದಾಗ ಮಗನೋ ಮಗಳೋ ಸುಮ್ಮನಾದರೆ, ಸತ್ತರೆ ಒಳಿತೆಂಬ ಮಾತು ಒಮ್ಮೆ ಬಂದರೂ, ಕಾಯಬೇಡಿರಿ. ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416. 2022ರ ಅಕ್ಟೋಬರಿನಲ್ಲಿ ಆರಂಭವಾದುದು. ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತನಾಡಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಪ್ರವಚನಕ್ಕೆ ಹೋಗಬೇಡವೆಂದು ಒಮ್ಮೆಗೇ ತಡೆಯುವ ನಮ್ಮ ತಪ್ಪನ್ನು ನೀವು ಮಾಡಬೇಡಿರಿ. ಏನು ಕೇಳಿ ಬಂದೆಯೆಂದು ಕೇಳಿ, ಊಟಕ್ಕೆ ಕುಳಿತಾಗ ಮಾತನಾಡಿರಿ. ನಮ್ಮ ಪೂಜ್ಯರಲ್ಲಿಯೂ ಒಂದು ಅರಿಕೆ ಮಾಡಿಕೊಂಡೆವು. ಈ ವರ್ಷದ ಶ್ರಾವಣದಲ್ಲಿ ಪ್ರವಚನಕಾರರು ಕಲಿಗಾಲದ ಕೇಡುಗಳನ್ನು ವರ್ಣಿಸಿದ ದಿನ, ಅದೇ ಮಾತಿನ ಕೊನೆಗೆ ಕೇಳಿದವರು ಮರುದಿನ ಮಾಡಬಹುದಾದ ಒಂದು ಕಾಯಕವನ್ನೂ ಹೇಳಲೆಂದು. ಒಪ್ಪಿದ್ದಾರೆ.

2025ರ ಮಾರ್ಚ್ 28ರಂದು ಮ್ಯಾನ್ಮಾರಿನಲ್ಲಿ 7.7 ತೀವ್ರತೆಯ ಭೂಕಂಪವಾಯಿತು. ಅದು ಶುಕ್ರವಾರ. ಆ ಭಾನುವಾರದ ಬೋಧನೆ ಯಾವ ವಿಷಯವಾಗಿರಬಹುದೆಂದು ನಮಗೆ ಊಹೆಯಿತ್ತು. ನಾವೇ ಫೋನು ಮಾಡೋಣವೆಂದುಕೊಂಡು, ಮನಶ್ಶಾಸ್ತ್ರಜ್ಞೆಯ ಎಚ್ಚರಿಕೆ ನೆನಪಾಗಿ ಸುಮ್ಮನಾದೆವು. ಬುಧವಾರ ಅವನೇ ಬಂದನು, ತಪ್ಪಿದ ಪರೀಕ್ಷೆಗೆ ಶುಲ್ಕ ಕಟ್ಟಿದ ರಸೀದಿ ಜೇಬಿನಲ್ಲಿತ್ತು. ಭಾನುವಾರ ಹೇಗಾಯಿತೆಂದು ಕೇಳಿದೆವು.

"ಒಂದು ಗಂಟೆಯವರೆಗೆ ಎಚ್ಚರವಿತ್ತು ಸರ್" ಎಂದನು. "ಆಮೇಲೆ ಮಲಗಿದೆ. ರಕ್ತದಾನ ಶಿಬಿರ ಯಾವತ್ತು?"